ಮೂರು ಸಲ ಬಿಚ್ಚಿದ ಹೊಲಿಗೆ

ಗುಂಡ್ಲುಪೇಟೆಯಲ್ಲಿ ಟಾರ್ಪಾಲು ಕೇಳಿಕೊಂಡು ಬರುವವರು ಎರಡೇ ಥರ. ಒಂದೋ ಅರಿಶಿನ ಒಣಗಿಸುವವರು, ಇಲ್ಲದಿದ್ದರೆ ಕೇರಳಕ್ಕೆ ತರಕಾರಿ ಹೊಡೆಯುವ ಲಾರಿಯವರು. ಹಾಗಾಗಿ ಆ ದಿನ ಗ್ರೀಸು ಮೆತ್ತಿದ ಷರ್ಟಿನವನೊಬ್ಬ ‘ನೂರುಲ್ಲಾ ಟಾರ್ಪಾಲಿನ್ ಅಂಡ್ ಕುಷನ್ ವರ್ಕ್ಸ್’ ಮುಂದೆ ಬಂದು ನಿಂತಾಗ, ಸಲ್ಮಾ ಮೆಷಿನ್‌ನಿಂದ ತಲೆ ಎತ್ತದೆಯೇ ಕೇಳಿದಳು.

"ಅರಿಶಿನಕ್ಕಾ, ಲಾರಿಗಾ?"

"ಲಾರಿಗೆ. ಆದ್ರೆ ಅದನ್ನ ಲಾರಿ ಅನ್ಬೇಡಿ."

"ಮತ್ತೇನನ್ಲಿ?"

"ಶಕ್ತಿಮಾನ್. ಮಿಲಿಟ್ರಿ ಗಾಡಿ."

ಮನೆಯ ಹಿರಿಯರ ಹೆಸರು ಹೇಳುವಾಗಿನ ಗೌರವ ಆ ದನಿಯಲ್ಲಿತ್ತು. ಸಲ್ಮಾಗೆ ನಗು ತಡೆಯಲಾಗಲಿಲ್ಲ. ತಲೆ ಎತ್ತಿ ನೋಡಿದರೆ ಅವನ ಮುಖ ಕೆಂಪಾಗಿತ್ತು. ಕಂಕುಳಲ್ಲಿದ್ದ ಹಳೆಯ ಕ್ಯಾನ್ವಾಸಿನ ತುಂಡನ್ನು ಅವಳ ಮೇಜಿನ ಮೇಲೆ ಬಿಡಿಸಿಟ್ಟ. ಬಣ್ಣ ಮಾಸಿದ ಹಸಿರು, ಕೊಟ್ಟಿಗೆಯ ವಾಸನೆ.

"ಗಾಡಿ ಮೇಲೆ ಹೊದಿಸೋ ಹುಡ್ ಇಂಥದ್ದೇ ಬೇಕು. ಪ್ಲಾಸ್ಟಿಕ್ ಬೇಡ. ಸ್ವಲ್ಪ ಮಾಸ್ಟರನ್ನ ಕರೀತೀರಾ?"

"ಮಾಸ್ಟರ್ ಟೀ ಕುಡಿಯೋಕೆ ಹೋಗಿದಾರೆ. ಹೊಲಿಯೋಳು ನಾನು. ಇನ್ನೇನಾದ್ರೂ ಕೇಳೋದಿದ್ಯಾ?"

ಅವನು ಅವಳ ಕೈಬೆರಳುಗಳನ್ನು ನೋಡಿದ. ದಬ್ಬಣ ಚುಚ್ಚಿ ಚುಚ್ಚಿ ಗಟ್ಟಿಯಾದ ತುದಿಗಳು. ಆಮೇಲೆ ಅವಳ ಮುಖ ನೋಡಿದ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು.

"ಇಲ್ಲ. ಅಳತೆಗೆ ಯಾವಾಗ ಬರ್ತೀರಿ?" ಎಂದ.

ಅವನು ಸೊಹೈಲ್, ಚಾಮರಾಜನಗರದ ಟ್ರಾಕ್ಟರ್ ಮೆಕ್ಯಾನಿಕ್. ಅವನ ಶಕ್ತಿಮಾನ್ ನಿಂತಿದ್ದದ್ದು ಹಂಗಳದಲ್ಲಿ, ರೈತ ಶಂಭುಲಿಂಗಪ್ಪನವರ ಕೊಟ್ಟಿಗೆಯ ಹಿಂದೆ. ಒಂದು ಕಾಲದಲ್ಲಿ ಶಂಭುಲಿಂಗಪ್ಪ ಅದನ್ನು ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದಿದ್ದರು. ಇಪ್ಪತ್ತು ವರ್ಷ ಅದನ್ನು ಓಡಿಸಿದವನು ಸೊಹೈಲನ ಅಪ್ಪ. ಆತ ತೀರಿಕೊಂಡ ಮೇಲೆ ಗಾಡಿಯ ಮೇಲೆ ಕೋಳಿ ಮಲಗಿದವು, ಸೋರೆ ಬಳ್ಳಿ ಹಬ್ಬಿತು. ‘ಓಡುಸ್ಕೊಂಡು ಓದ್ರೆ ನಿಂದೇ ಕಣ್ಲಾ’ ಎಂದು ಶಂಭುಲಿಂಗಪ್ಪ ಒಂದು ದಿನ ತಮಾಷೆಗೆ ಅಂದಿದ್ದನ್ನು ಸೊಹೈಲ್ ಗಂಟು ಕಟ್ಟಿಕೊಂಡುಬಿಟ್ಟಿದ್ದ.

ಒಬ್ಬನೇ ಆಗಿದ್ದರೆ ಗಾಡಿ ಅಲ್ಲೇ ಮಣ್ಣಾಗುತ್ತಿತ್ತು. ಬೇಗೂರಿನ ಮೃತ್ಯುಂಜಯ ಮಿಲಿಟರಿ ವರ್ಕ್‌ಶಾಪಿನಲ್ಲಿ ಹದಿನೇಳು ವರ್ಷ ಇಂಥವೇ ಗಾಡಿಗಳ ಎಂಜಿನ್ ಬಿಚ್ಚಿ ರಿಟೈರಾಗಿ ಬಂದವರು. ಮಹದೇವ ಬಸ್ಸುಗಳ ವೈರಿಂಗ್ ಮಾಡುವವನು. ಹಳೇ ಗಾಡಿಯ ಹುಚ್ಚು ಇರುವ ನಲವತ್ತು ಮಂದಿಯ ವಾಟ್ಸಾಪ್ ಗುಂಪೊಂದಿತ್ತು. ಬ್ರೇಕಿನ ಸಾಮಾನು ಬೇಕೆಂದು ಅದರಲ್ಲಿ ಹಾಕಿದರೆ ಮರುದಿನವೇ ಊಟಿಯಿಂದಲೋ ಕೇರಳದ ಬತ್ತೇರಿಯಿಂದಲೋ ಯಾರೋ ಬಸ್ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಭಾನುವಾರ ಬಂತೆಂದರೆ ಎಲ್ಲರೂ ಹಂಗಳದಲ್ಲಿ. ಶಂಭುಲಿಂಗಪ್ಪನವರ ಹೆಂಡತಿ ಶಾಂತಮಲ್ಲಮ್ಮ ಬೈದುಕೊಂಡೇ ಎಲ್ಲರಿಗೂ ಮುದ್ದೆ ತೊಳಸುತ್ತಿದ್ದರು.

ಸಲ್ಮಾ ಮೊದಲ ಸಲ ಹೋದಾಗ ರಸ್ತೆಯುದ್ದಕ್ಕೂ ಸೂರ್ಯಕಾಂತಿ ಅರಳಿತ್ತು. ಹುಡ್ ಕೂರುವ ಕಬ್ಬಿಣದ ಕಮಾನುಗಳ ಅಳತೆಗೆ ಟೇಪು ಬಿಚ್ಚಿ, ಅದರ ತುದಿಯನ್ನು ಸೊಹೈಲನಿಗೆ ಕೊಟ್ಟಳು.

"ಸೊನ್ನೆ ಗಟ್ಟಿಯಾಗಿ ಹಿಡ್ಕೊಳ್ಳಿ."

"ನನ್ ಪಾಲಿಗೆ ಯಾವಾಗ್ಲೂ ಸೊನ್ನೇನೇ."

"ಹಿಡ್ಕೊಳ್ಳೋಕೆ ಬರದಿದ್ರೆ ಅದೂ ಸಿಗಲ್ಲ."

ಗಾಡಿಯ ಇನ್ನೊಂದು ತುದಿಯಲ್ಲಿ ನಿಂತು ಅವನು ನಕ್ಕ. ನಗುವಾಗ ಎಡಗಣ್ಣು ಮಾತ್ರ ಸಣ್ಣದಾಗುವುದನ್ನು ಸಲ್ಮಾ ನೋಡಿದಳು, ನೋಡಿಲ್ಲವೆಂಬಂತೆ ಅಳತೆ ಬರೆದುಕೊಂಡಳು. ಬರೆದದ್ದು ತಪ್ಪಾಗಿತ್ತು. ಮುಂದಿನ ಭಾನುವಾರ ಮತ್ತೆ ಹೋಗಬೇಕಾಯಿತು. ಆ ತಪ್ಪು ಮಾತ್ರ ನಿಜವಾದ ತಪ್ಪು.

ಇಬ್ಬರ ಮನೆಮಾತೂ ಉರ್ದು. ಆದರೆ ಅಷ್ಟು ಜನರ ನಡುವೆ ಉರ್ದುವಿನಲ್ಲಿ ಮಾತಾಡಿದರೆ ಗುಟ್ಟು ಮಾತಾಡಿದ ಹಾಗಾಗುತ್ತದೆಂದು ಇಬ್ಬರೂ ಕನ್ನಡ ಬಿಡಲಿಲ್ಲ. ಎದುರಿಗಿರುವಾಗ ‘ನೀವು’, ‘ರೀ’. ಮನಸ್ಸಿನೊಳಗೆ ಸಲ್ಮಾ ಅವನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಳೆಂಬುದು ಬೇರೆ ವಿಷಯ.

"ಇವನವ್ವ ಮದ್ವೆ ಆಗಿ ಬಂದದ್ದು ಇದೇ ಗಾಡೀಲಿ ಕಣಮ್ಮಿ," ಎಂದು ಶಾಂತಮಲ್ಲಮ್ಮ ಒಂದು ದಿನ ಟೀ ಕೊಡುತ್ತಾ ಹೇಳಿದ್ದರು. "ಚಂದಕವಾಡಿಯಿಂದ. ಆಗ ಹುಡ್ಡೂ ಇರ್ನಿಲ್ಲ ಏನೂ ಇರ್ನಿಲ್ಲ. ದಾರೀಲಿ ಮಳೆ ಉಯ್ತು ನೋಡು, ಮದ್ಲಗಿತ್ತಿ ಸೀರೆ ಬಣ್ಣ ಎಲ್ಲ ಬುಟ್ಕಂಡು ಮೈಯೆಲ್ಲ ಕೆಂಪು. ಈಗ್ಲೂ ಅದ್ನೇ ಏಳ್ಕಂಡು ಬಯ್ತಾಳೆ ದಿಲ್ಶಾದಮ್ಮ."

ಸಲ್ಮಾ ನಕ್ಕಳು. ಆ ಮಾತನ್ನು ಯಾಕೆ ತನಗೆ ಹೇಳುತ್ತಿದ್ದಾರೆಂದು ಯೋಚಿಸಿದ್ದರೆ ಚೆನ್ನಾಗಿತ್ತು. ಯೋಚಿಸಲಿಲ್ಲ.

ದಪ್ಪ ಕ್ಯಾನ್ವಾಸನ್ನು ತಂದ ದಿನವೇ ಕತ್ತರಿಸುವ ಹಾಗಿಲ್ಲ. ನೀರು ಕುಡಿಸಿ, ಬಿಸಿಲಿಗೆ ಹಾಕಿ, ಅದು ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿ ಇಡಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಹುಡ್ ಗಿಡ್ಡವಾಗುತ್ತದೆ. ಅದಕ್ಕೆ ಎರಡು ವಾರ ಹಿಡಿಯಿತು. ಆ ಎರಡು ವಾರವೂ ಸೊಹೈಲ್ ಏನಾದರೊಂದು ನೆಪ ಹೂಡಿ ಅಂಗಡಿಗೆ ಬಂದ. ಗಾಡಿಯ ಬಾಗಿಲ ಮೇಲಿನ ಮೂರು ಪದರ ಪೇಂಟು ಉಜ್ಜಿ ತೆಗೆದಾಗ ಅಡಿಯಲ್ಲಿ ಹಳೆಯ ಮಿಲಿಟರಿ ನಂಬರೂ ಬಾಣದ ಗುರುತೂ ಸಿಕ್ಕಿದ ಫೋಟೋ ತಂದು ತೋರಿಸಿದ. ಫೋಟೋ ದೊಡ್ಡದು ಮಾಡಲು ಇಬ್ಬರ ಬೆರಳೂ ಒಟ್ಟಿಗೇ ಹೋದವು. ಇಬ್ಬರೂ ಒಟ್ಟಿಗೇ ಹಿಂದೆ ತೆಗೆದುಕೊಂಡರು. ನಾಲ್ಕು ವರ್ಷದಿಂದ ಕೈ ನಡುಗುತ್ತಿದ್ದ ನೂರುಲ್ಲಾ ಮೂಲೆಯಲ್ಲಿ ಕೂತು ನೂಲಿಗೆ ಮೇಣ ಉಜ್ಜುತ್ತಿದ್ದರು. ಬೋರ್ಡಿನಲ್ಲಿ ಹೆಸರು ಅವರದು, ದಬ್ಬಣ ಮಗಳದು.

ದೀಪಾವಳಿ ಕಳೆಯುವ ಹೊತ್ತಿಗೆ ಎಂಜಿನ್ ಸದ್ದು ಮಾಡಿತು. ಇತ್ತ ಹುಡ್ ಕೂಡ ಮುಗಿಯುತ್ತಾ ಬಂತು. ಉಳಿದದ್ದು ಹಿಂಬದಿಯ ಒಂದೇ ಪಟ್ಟಿ. ಆ ಪಟ್ಟಿ ಹೊಲಿದು ನೂಲು ಕತ್ತರಿಸಿದಾಗ ಸಲ್ಮಾಗೆ ಹೊಳೆಯಿತು. ನಾಳೆ ಹುಡ್ ಹೋಗುತ್ತದೆ. ನಾಡಿದ್ದಿನಿಂದ ಹಂಗಳಕ್ಕೆ ಹೋಗಲು ಯಾವ ಕಾರಣವೂ ಇಲ್ಲ. ಅವನಿಗೆ ಅಂಗಡಿಗೆ ಬರಲು ಯಾವ ನೆಪವೂ ಇಲ್ಲ. ಟ್ರಾಕ್ಟರ್ ಮೆಕ್ಯಾನಿಕ್‌ಗೂ ಟಾರ್ಪಾಲು ಹೊಲಿಯುವವಳಿಗೂ ಏನು ಸಂಬಂಧ?

ಬ್ಲೇಡು ತೆಗೆದುಕೊಂಡಳು. ಒಂದೊಂದೇ ಹೊಲಿಗೆ ಬಿಚ್ಚಿದಳು.

"ಅಳತೆ ತಪ್ಪಿತ್ತು ಅಬ್ಬಾ," ಎಂದಳು, ಅಪ್ಪ ಕೇಳುವ ಮೊದಲೇ.

ಕ್ಯಾನ್ವಾಸಿನ ಸ್ವಭಾವ ಅವಳಿಗೆ ಗೊತ್ತಿಲ್ಲದ್ದಲ್ಲ. ಹತ್ತಿ ಬಟ್ಟೆಯಾಗಿದ್ದರೆ ಬಿಚ್ಚಿದ ತೂತು ಎರಡು ಸಲ ಒಗೆದರೆ ಮುಚ್ಚಿಕೊಳ್ಳುತ್ತದೆ. ಕ್ಯಾನ್ವಾಸಿನಲ್ಲಿ ದಬ್ಬಣ ಹೋದ ತೂತು ಹಾಗೇ ಉಳಿಯುತ್ತದೆ. ಗೊತ್ತಿದ್ದೂ ಬಿಚ್ಚಿದಳು. ಮುಂದಿನ ಭಾನುವಾರ ಹಂಗಳದಲ್ಲಿ ಮತ್ತೆ ಟೇಪು ಹಿಡಿದಳು, ಸೊಹೈಲ್ ಮತ್ತೆ ಸೊನ್ನೆ ಹಿಡಿದ. ಡಿಸೆಂಬರಿನಲ್ಲಿ ಇನ್ನೊಮ್ಮೆ ಬಿಚ್ಚಿದಳು, ನೂಲು ಸರಿಯಿರಲಿಲ್ಲ ಎಂದಳು. ಹೊಸ ವರ್ಷಕ್ಕೆ ಮೂರನೇ ಸಲ. ಆಗ ಹೇಳಲು ಸುಳ್ಳೂ ಉಳಿದಿರಲಿಲ್ಲ.

"ಹುಡ್ ಯಾವತ್ತು ಆಯ್ತದೆ ಕಣಮ್ಮಿ?" ಎಂದು ಮೃತ್ಯುಂಜಯ ಪ್ರತಿ ಸಲವೂ ಕೇಳುತ್ತಿದ್ದರು. "ಅರ್ಧಂಬರ್ಧ ಗಾಡಿ ಗೇಟು ದಾಟಂಗಿಲ್ಲ. ಮಿಲಿಟ್ರಿ ರೂಲು."

"ನಿಮ್ಗೆ ಯಾಕಣ್ಣ ಅಷ್ಟು ಅವಸರ?"

"ಅವಸರ ನಂಗಲ್ಲ," ಎಂದು ಅವರು ಸೊಹೈಲನ ಕಡೆ ನೋಡುತ್ತಿದ್ದರು. ಮಹದೇವ ಕೆಮ್ಮುತ್ತಿದ್ದ. ಸೊಹೈಲ್ ಗಾಡಿಯ ಅಡಿಗೆ ನುಸುಳಿಬಿಡುತ್ತಿದ್ದ.

ಅವನಿಗೆ ಹುಡ್ ಮಾತ್ರ ಬೇಕಾಗಿದೆ ಎಂದುಕೊಂಡಳು ಸಲ್ಮಾ. ಇಪ್ಪತ್ತೊಂಬತ್ತು ವರ್ಷದ ಹೆಣ್ಣಿಗೆ ಆಸೆ ಎಷ್ಟಿರುತ್ತದೋ ಅನುಮಾನವೂ ಅಷ್ಟೇ ಇರುತ್ತದೆ. ಒಂದು ಮಾತು. ಒಂದೇ ಒಂದು ಮಾತು ಅವನು ಆಡಿದ್ದರೆ ಸಾಕಿತ್ತು. ಆರು ತಿಂಗಳ ಭಾನುವಾರಗಳಲ್ಲಿ ಅವನು ಬ್ರೇಕಿನ ಬಗ್ಗೆ ಆಡಿದ, ಗೇರಿನ ಬಗ್ಗೆ ಆಡಿದ, ಹುಡ್ಡಿನ ಬಗ್ಗೆ ಕೇಳಿದ.

ಆ ವಾರವೇ ಅವಳ ಸೋದರತ್ತೆ ಒಂದು ಸಂಬಂಧ ತಂದರು. ಹುಡುಗ ಜಬೀವುಲ್ಲಾ, ಚಾಮರಾಜನಗರದಲ್ಲಿ ಕಂಬಳಿ, ಹಾಸಿಗೆಯ ವ್ಯಾಪಾರ. ಮಿತಭಾಷಿ. ಮದುವೆಯಾದ ಮೇಲೂ ಹೊಲಿಯುವುದಾದರೆ ಹೊಲಿಯಲಿ, ಬೇಕಾದರೆ ಅಪ್ಪನನ್ನೂ ಜೊತೆಗೆ ಕರೆದುಕೊಳ್ಳಲಿ ಅಂದಿದ್ದನಂತೆ. ಅವನ ಅಜ್ಜಿ ಹಾಸಿಗೆ ಹಿಡಿದಿದ್ದರಿಂದ ನಿಕಾಹ್ ಬೇಗ ಆಗಬೇಕು, ಹೆಣ್ಣು ಕಳಿಸಿಕೊಡುವುದು ರಂಜಾನ್ ಕಳೆದ ಮೇಲೆ. ನೂರುಲ್ಲಾ ಮಗಳನ್ನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಅವಳಿಗೆ ಬೇಡ ಅನ್ನುವುದು ಸುಲಭವಿತ್ತು.

"ಯೋಚಿಸಿ ಹೇಳು ಬೇಟಾ. ನಿನ್ನ ಬಾಯಿಂದಲೇ ಬರಲಿ," ಎಂದರು.

ಭಾನುವಾರ ಸಲ್ಮಾ ಬರಿಗೈಯಲ್ಲಿ ಹಂಗಳದ ಬಸ್ಸು ಹತ್ತಿದಳು. ಹೇಳಿಬಿಡಬೇಕು. ನನಗೊಂದು ಸಂಬಂಧ ಬಂದಿದೆ, ನೀವೇನನ್ನುತ್ತೀರಿ ಎಂದು ಕೇಳಿಬಿಡಬೇಕು. ಮರ್ಯಾದೆ ಹೋದರೆ ಹೋಗಲಿ.

ಗಾಡಿಯ ಅಡಿಯಿಂದ ಸೊಹೈಲನ ಕಾಲು ಮಾತ್ರ ಕಾಣುತ್ತಿತ್ತು.

"ಸೊಹೈಲ್, ಒಂದು ಮಾತಿತ್ತು."

ಅವನು ಹೊರಗೆ ಜಾರಿ ಬಂದ. ಕೆನ್ನೆಯ ಮೇಲೆ ಕಪ್ಪು ಎಣ್ಣೆಯ ಗೆರೆ. ಅವಳ ಕೈ ನೋಡಿದ, ಹಿಂದೆ ನೋಡಿದ.

"ಹುಡ್ ತಂದ್ರಾ?"

"ಇಲ್ಲ. ಅದಲ್ಲ..."

"ಹಂಗಾದ್ರೆ ಮಾತು ಬೇಡ." ಎಡಗಣ್ಣು ಸಣ್ಣದಾಯಿತು. "ಮೊದ್ಲು ಹುಡ್. ಆಮೇಲೆ ಎಷ್ಟು ಮಾತು ಬೇಕಾದ್ರೂ ಆಡೋಣ. ಅಲ್ಲಿಗಂಟ ನಾನೇನೂ ಕೇಳಲ್ಲ, ಏನೂ ಹೇಳಲ್ಲ. ಅಲ್ವಾ ಮೃತ್ಯುಂಜಯಣ್ಣ?"

"ಊಂ ಕಣಪ್ಪ. ರೂಲು ರೂಲೇ," ಎಂದರು ಅವರು. ಎಲ್ಲರೂ ನಕ್ಕರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಸಲ್ಮಾಗೆ ಕಿವಿ ಬಿಸಿಯಾಯಿತು. ತಾನು ಹುಡ್ ಹೊಲಿಯಲು ಬಂದವಳು. ಅಷ್ಟೇ ಆಗಿದ್ದಳು, ಅಷ್ಟಕ್ಕೇ ಇರಬೇಕಿತ್ತು. ಶಾಂತಮಲ್ಲಮ್ಮ ಟೀಗೆ ಕರೆದದ್ದೂ ಕೇಳಿಸದೆ ಬಸ್ ಸ್ಟಾಪಿಗೆ ನಡೆದಳು. ಆ ಸಂಜೆ ಅಪ್ಪನಿಗೆ ‘ಹೂಂ’ ಎಂದಳು.

ಮುಂದಿನ ಶುಕ್ರವಾರ ಜುಮ್ಮಾ ನಮಾಜಿನ ನಂತರ ನಿಕಾಹ್. ಸಾಕ್ಷಿಗಳ ಜೊತೆ ಒಳಗೆ ಬಂದ ಹಿರಿಯರು ಒಪ್ಪಿಗೆಯೇ ಎಂದು ಮೂರು ಸಲ ಕೇಳಿದರು. ಮೊದಲನೇ ಸಲ ಹೂಂ ಎಂದಳು. ಎರಡನೇ ಸಲ ಕೇಳುವಾಗ ಬೀದಿಯಲ್ಲಿ ದೊಡ್ಡ ಗಾಡಿಯೊಂದರ ಹಾರನ್ ಕೇಳಿಸಿತು. ಸಲ್ಮಾ ಕಿಟಕಿಯ ಕಡೆ ತಿರುಗಿದಳು. ಕೇರಳದ ತರಕಾರಿ ಲಾರಿ. ಹಿಂದಕ್ಕೆ ತೆಗೆದುಕೊಂಡು ಹೋಯಿತು. ಹೂಂ ಎಂದಳು. ಮೂರನೇದಕ್ಕೆ ತಡಮಾಡಲಿಲ್ಲ.

ಮರುದಿನ ಮೆಹಂದಿ ಕೈಯಲ್ಲೇ ದಬ್ಬಣ ಹಿಡಿದು ಆ ಉಳಿದ ಪಟ್ಟಿ ಹೊಲಿದಳು. ಎರಡು ಗಂಟೆಯ ಕೆಲಸ. ಮೂರು ತಿಂಗಳು ತಡೆದು ಇಟ್ಟುಕೊಂಡಿದ್ದ ಎರಡು ಗಂಟೆಯ ಕೆಲಸ. ಸೋಮವಾರ ಗೂಡ್ಸ್ ಆಟೋದಲ್ಲಿ ಹುಡ್ಡನ್ನು ಹಂಗಳಕ್ಕೆ ಕಳಿಸಿದಳು. ಜೊತೆಗೆ ತಾನು ಹೋಗಲಿಲ್ಲ, ಚೀಟಿಯನ್ನೂ ಇಡಲಿಲ್ಲ. ಸೊಹೈಲನಿಂದ ಫೋನಿಗೆ ಒಂದೇ ಸಾಲು ಬಂತು. ‘ಭಾನುವಾರ ಅಂಗಡಿ ಬಾಗಿಲು ತೆಗೆದಿಟ್ಟಿರಿ.’ ಹುಡ್ಡಿನಲ್ಲಿ ಏನೋ ದೋಷ ಕಂಡಿರಬೇಕೆಂದುಕೊಂಡಳು. ಉತ್ತರ ಕೊಡಲಿಲ್ಲ.

ಭಾನುವಾರ ಹನ್ನೊಂದರ ಹೊತ್ತಿಗೆ ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ಶಕ್ತಿಮಾನ್ ಬರುತ್ತಿತ್ತು. ಹಸಿರು ಪೇಂಟು, ಬಾಗಿಲ ಮೇಲೆ ಬಿಳಿ ನಂಬರು, ಮೇಲೆ ಬಿಗಿಯಾಗಿ ಕಟ್ಟಿದ ಹುಡ್, ಮೂತಿಗೆ ಚೆಂಡುಹೂವಿನ ಹಾರ. ಮುಂದೆ ಸೊಹೈಲನ ಪಕ್ಕದಲ್ಲಿ ಮೃತ್ಯುಂಜಯ, ಪಹರೆಗೆ ನಿಂತವರ ಹಾಗೆ ನೆಟ್ಟಗೆ. ಹಿಂದಿನಿಂದ ಶಂಭುಲಿಂಗಪ್ಪ ಇಳಿದರು, ಮಹದೇವ ಇಳಿದ, ಶಾಂತಮಲ್ಲಮ್ಮ ಇಳಿದರು. ಕೊನೆಗೆ ಸ್ಟೂಲು ಹಾಕಿ ಒಬ್ಬ ಹೆಂಗಸನ್ನು ಇಳಿಸಿದರು. ಜರಿಯ ಸೀರೆ, ಮುಖದ ತುಂಬ ನಗು. ಸೊಹೈಲನ ತಾಯಿ ದಿಲ್ಶಾದ್ ಬೇಗಂ. ಕೈಯಲ್ಲಿ ಕೆಂಪು ಬಟ್ಟೆ ಮುಚ್ಚಿದ ತಟ್ಟೆ.

ಮಗಳ ಕೆಲಸವನ್ನು ತೋರಿಸಲು ಇಷ್ಟು ಜನ ಬಂದರಲ್ಲ ಎಂದು ನೂರುಲ್ಲಾಗೆ ಖುಷಿಯೋ ಖುಷಿ. ಕುರ್ಚಿ ಎಳೆದರು, ನೀರು ತರಲು ಮಗಳನ್ನು ಕೂಗಿದರು.

ಸಲ್ಮಾ ಲೋಟ ಹಿಡಿದು ಬಂದಳು. ತಟ್ಟೆ ನೋಡಿದಳು, ಹಾರ ನೋಡಿದಳು, ಬಾಗಿಲ ಹೊರಗೆ ಇಸ್ತ್ರಿ ಷರ್ಟಿನಲ್ಲಿ ನಿಂತವನನ್ನು ನೋಡಿದಳು. ಗ್ರೀಸಿಲ್ಲದ ಅವನ ಕೈಯನ್ನು ಅವಳು ಆವರೆಗೆ ನೋಡಿಯೇ ಇರಲಿಲ್ಲ. ಎಲ್ಲವೂ ಒಟ್ಟಿಗೇ ಅರ್ಥವಾಯಿತು.

"ಇವಳೇನಾ? ಬಾ ಮಗಳೇ," ಎಂದು ದಿಲ್ಶಾದ್ ಬೇಗಂ ಅವಳ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟು, ಎರಡೂ ಅಂಗೈಯನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡರು. ಹಿಡಿದವರು ಹಾಗೇ ನಿಂತರು. ಒಂಬತ್ತು ದಿನದ ಮೆಹಂದಿ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬೆರಳ ತುದಿಯ ಗಂಟುಗಳಲ್ಲಿ ಮಾತ್ರ ಇನ್ನೂ ಕಡುಗೆಂಪು.

"ಇದು ಯಾವ ಮೆಹಂದಿ?"

"ನಿಕಾಹ್‌ದು ಬೆಹನ್," ಎಂದರು ನೂರುಲ್ಲಾ ಸಂಭ್ರಮದಿಂದ. "ಮೊನ್ನೆ ಅಲ್ಲ, ಅದರ ಹಿಂದಿನ ಶುಕ್ರವಾರ. ಹುಡುಗ ನಿಮ್ಮೂರಿನವನೇ."

ಮೃತ್ಯುಂಜಯ ತಲೆ ತಗ್ಗಿಸಿದರು. ಶಾಂತಮಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೊರಗಿನಿಂದ ಸೊಹೈಲ್ ಅವಳ ಕೈ ನೋಡಿದ, ಮೊದಲ ದಿನ ನೋಡಿದ ಹಾಗೆಯೇ. ಆಮೇಲೆ ಗಾಡಿಯ ಹಿಂದಕ್ಕೆ ಹೋದ.

ದಿಲ್ಶಾದ್ ಬೇಗಂ ದೊಡ್ಡ ಮನಸ್ಸಿನ ಹೆಂಗಸು. ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದು, ತಟ್ಟೆಯ ಮೇಲಿನ ಬಟ್ಟೆ ಸರಿಸಿದರು. "ಒಂದು ಮನೆಗೆಂದು ತಂದ ಮಿಠಾಯಿಯನ್ನು ವಾಪಸ್ ಒಯ್ಯಬಾರದು," ಎಂದು ಒಂದು ತುಂಡು ಸಲ್ಮಾಳ ಬಾಯಿಗಿಟ್ಟರು. "ನಿಕಾಹ್ ಮುಬಾರಕ್ ಮಗಳೇ." ಅಗಿಯಲೂ ಆಗದೆ ಉಗುಳಲೂ ಆಗದೆ ಸಲ್ಮಾ ಅದನ್ನು ಬಾಯಲ್ಲಿಟ್ಟುಕೊಂಡೇ, ಹುಡ್ ನೋಡಿ ಬರುತ್ತೇನೆಂದು ಹೊರಗೆ ಬಂದಳು.

ಸೊಹೈಲ್ ಬಿಗಿಯಾಗಿಯೇ ಇದ್ದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಅವಳನ್ನು ನೋಡಿ ಮೊದಲ ಸಲ ಉರ್ದುವಿನಲ್ಲಿ ಮಾತಾಡಿದ. ಅದರಲ್ಲಿ ‘ನೀವು’ ಇರಲಿಲ್ಲ.

"ಆ ದಿನ ನೀನು ಹೇಳಬೇಕೆಂದಿದ್ದದ್ದು ಇದನ್ನೇನಾ?"

"ಹೌದು."

"ನಾನು ಬೇಡ ಅಂದೆ."

"ಬೇಡ ಅಂದೆ. ಬಾಯಿ ಇರಲಿಲ್ಲವಾ ನಿನಗೆ? ಆರು ತಿಂಗಳು ಸೊಹೈಲ್. ಗೇರಿನ ಕಥೆ ಹೇಳೋಕೆ ಬಾಯಿತ್ತು."

"ಅಮ್ಮಿಗೆ ಮಾತು ಕೊಟ್ಟಿದ್ದೆ," ಎಂದ ಅವನು ಹಗ್ಗವನ್ನೇ ನೋಡುತ್ತಾ. "‘ನಾನು ಮಳೆಯಲ್ಲಿ ನೆನೆದು ಬಂದ ಹಾಗೆ ನಿನ್ನ ಹೆಂಡತಿ ಬರಬಾರದು, ಹುಡ್ ಹಾಕಿಸು, ಅದರಲ್ಲೇ ಕೂತು ಹೋಗಿ ನಾನು ಹೆಣ್ಣು ಕೇಳುತ್ತೇನೆ, ಅಲ್ಲಿಯವರೆಗೆ ಹುಡುಗಿಯ ಹತ್ತಿರ ಮಾತೆತ್ತಬೇಡ’ ಅಂದಿದ್ದಳು. ಹಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು. ನಿನಗೊಬ್ಬಳಿಗೆ ಹೇಳಬಾರದು ಅಂತ ಆಣೆ ಹಾಕಿಸಿದ್ದೆ. ಹುಡ್ ಬರಲಿ ಅಂತ ಕಾಯುತ್ತಿದ್ದೆ. ಅದು ಬರಲೇ ಇಲ್ಲ. ಯಾಕೆ ಅಷ್ಟು ತಡ ಮಾಡಿದೆ?"

ಸಲ್ಮಾ ಹುಡ್ಡಿನ ಒಳಗೆ ತಲೆ ಹಾಕಿ ನೋಡಿದಳು. ಒಳಗೆ ಕತ್ತಲು. ಹಿಂಬದಿಯ ಪಟ್ಟಿಯ ಉದ್ದಕ್ಕೂ ಮೂರು ಸಾಲು ಸಣ್ಣ ಸಣ್ಣ ಬೆಳಕಿನ ಚುಕ್ಕೆ.

"ಮೃತ್ಯುಂಜಯಣ್ಣ ಬೈದರು," ಎಂದ ಸೊಹೈಲ್. "ಹುಡುಗಿ ಕೈ ಪಳಗಿಲ್ಲ, ಎಷ್ಟು ತೂತು ಮಾಡಿದ್ದಾಳೆ ನೋಡು ಅಂದರು."

"ಮೂರು ಸಲ ಹೊಲಿದೆ. ಮೂರು ಸಲ ಬಿಚ್ಚಿದೆ. ಹುಡ್ ಮುಗಿದರೆ ನೀನು ಬರುವುದು ನಿಂತುಹೋಗುತ್ತೆ ಅಂತ."

ಅವನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು.

"ಮಳೆಯಲ್ಲಿ ನೆನೆಯೋದು ನನಗೆ ಒಂದು ಲೆಕ್ಕವಾಗಿತ್ತಾ?" ಎಂದಳು ಸಲ್ಮಾ. "ಹುಡ್ ಇಲ್ಲದಿದ್ದರೂ ಬರುತ್ತಿದ್ದೆ. ಗಾಡಿ ಇಲ್ಲದಿದ್ದರೂ ಬರುತ್ತಿದ್ದೆ."

ಅವನು ಏನೋ ಹೇಳಲು ಹೋದ. ಅವಳು ಬೇಡವೆಂದು ತಲೆಯಾಡಿಸಿದಳು. ಒಳಗೆ ಅಪ್ಪ ನಡುಗುವ ಕೈಯಲ್ಲಿ ಎಲ್ಲರಿಗೂ ಮಿಠಾಯಿ ಹಂಚುತ್ತಿದ್ದರು. ಚಾಮರಾಜನಗರದಲ್ಲಿ ಯಾವ ತಪ್ಪೂ ಮಾಡದ ಒಬ್ಬ ಗಂಡಸು ಅವಳಿಗಾಗಿ ಅಂಗಡಿಯ ಹಿಂದೆ ಹೊಲಿಗೆ ಮೆಷಿನ್‌ಗೆ ಜಾಗ ಮಾಡಿಸುತ್ತಿದ್ದ. ಮೂರು ಸಲ ಕೇಳಿದ್ದರು. ಮೂರು ಸಲವೂ ಹೂಂ ಎಂದವಳು ತಾನೇ. ಆ ಹೊಲಿಗೆಯನ್ನು ಬಿಚ್ಚುವ ಬ್ಲೇಡು ಅವಳ ಹತ್ತಿರ ಇರಲಿಲ್ಲ.

ಕಣ್ಣೊರೆಸಿಕೊಂಡು ಕನ್ನಡಕ್ಕೆ ತಿರುಗಿದಳು.

"ಒಳಗಡೆಯಿಂದ ಮೇಣ ಹಚ್ಬೇಕು. ಇಲ್ದಿದ್ರೆ ಆ ತೂತಿನಿಂದ ಮೊದಲ್ನೇ ಮಳೆಗೇ ಸೋರುತ್ತೆ. ಅಬ್ಬಾ ಹತ್ರ ಮೇಣ ಇದೆ, ಕೊಡ್ತೀನಿ ಇರಿ."

"ಬೇಡ."

"ಸೋರುತ್ತೆ ಕಣ್ರೀ."

"ಸೋರ್ಲಿ ಬುಡಿ," ಎಂದ ಸೊಹೈಲ್.

ಗಾಡಿ ಹೊರಟಾಗ ಬೀದಿಯ ಮಕ್ಕಳು ಅದರ ಹಿಂದೆ ಓಡಿದರು. ಮುಂದಿನ ಸೀಟಿನಿಂದ ಮೃತ್ಯುಂಜಯ ತಿರುಗಿ ನೋಡಲಿಲ್ಲ. ಮುಖ್ಯರಸ್ತೆ ಮುಟ್ಟಿ ಅದು ಚಾಮರಾಜನಗರದ ಕಡೆ ತಿರುಗುವವರೆಗೂ ನೂರುಲ್ಲಾ ಮೆಟ್ಟಿಲ ಮೇಲೆ ನಿಂತಿದ್ದರು. ನಲವತ್ತು ವರ್ಷ ದಬ್ಬಣ ಹಿಡಿದವರು. ಕೈ ಹೋಗಿತ್ತು, ಕಣ್ಣು ಹೋಗಿರಲಿಲ್ಲ.

"ಹಿಂದಿನ ಪಟ್ಟಿ ಮೂರು ಸಲ ಬಿಚ್ಚಿದ್ದೀಯ," ಎಂದರು. "ನಿನ್ನ ಕೈಯಲ್ಲಿ ಯಾವತ್ತೂ ಹಾಗಾಗಿಲ್ಲ. ಯಾಕೆ ಬೇಟಾ?"

ಮೆಷಿನ್ ಮೇಲೆ ಅರಿಶಿನದವರ ಟಾರ್ಪಾಲು ಅರ್ಧಕ್ಕೆ ನಿಂತಿತ್ತು. ಸಲ್ಮಾ ಕೂತು ನೂಲು ಪೋಣಿಸಿಕೊಂಡಳು.

"ಅಳತೆ ತಪ್ಪಿತ್ತು ಅಬ್ಬಾ," ಎಂದಳು.